ಎಳ್ಳಿಲ್ಲದ ಎಳ್ಳುಬೆಲ್ಲ

ಮಗಳು ಸೆಕೆಂಡ್ ಪಿಯುಸಿಗೆ ಕಾಲಿಟ್ಟ ದಿನ ಊಟಕ್ಕೆ ಕೂತಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಮ್ಯಾಥ್ಸಿಗೆ ಟ್ಯೂಷನ್ ಯಾಕೆ, ನಾನಿಲ್ವಾ?" ಎಂದುಬಿಟ್ಟೆ. ಸೌತೆಕಾಯಿ ಹೆಚ್ಚುತ್ತಿದ್ದ ನನ್ನ ಹೆಂಡತಿ ಒಂದು ಕ್ಷಣ ಕೈ ನಿಲ್ಲಿಸಿ, ಮತ್ತೆ ಹೆಚ್ಚತೊಡಗಿದಳು. ಏನೂ ಅನ್ನಲಿಲ್ಲ. ನಾನೇ ಕೊಳಾಯಿ ಬಿಚ್ಚಿ ರಿಪೇರಿ ಮಾಡ್ತೀನಿ ಎಂದ ದಿನವೂ ಅವಳು ಹೀಗೇ ಏನೂ ಅಂದಿರಲಿಲ್ಲ.

ನನ್ನ ಧೈರ್ಯಕ್ಕೆ ಆಧಾರವಿತ್ತು. 1992ರಲ್ಲಿ ಪಿಯುಸಿ ಗಣಿತದಲ್ಲಿ ನಾನು ತೆಗೆದದ್ದು ನೂರಕ್ಕೆ 92. ಅಂದರೆ, ಈಗ 92. ಹೆಣ್ಣು ನೋಡಲು ಹೋದಾಗ ಅದು 72ರ ಆಸುಪಾಸಿನಲ್ಲಿತ್ತು. ಮಗಳು ಹುಟ್ಟಿದ ಮೇಲೆ 80 ದಾಟಿತು. ಅವಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ, ಪಕ್ಕದ ಮನೆಯವರು ಪೇಡಾ ತಿನ್ನುತ್ತಿದ್ದಾಗ, 92ಕ್ಕೆ ಹೋಗಿ ನಿಂತಿತು. ಇದನ್ನು ಸುಳ್ಳು ಅನ್ನಬಾರದು. ಬ್ಯಾಂಕಿನಲ್ಲಿ ಇಪ್ಪತ್ತೈದು ವರ್ಷ ಕೂತವನ ಕೈಯಲ್ಲಿ ಯಾವ ಮೊತ್ತವೂ ಬಡ್ಡಿಯಿಲ್ಲದೆ ಬಿದ್ದಿರುವುದಿಲ್ಲ.

ಮೊದಲ ಪಾಠ ಮ್ಯಾಟ್ರಿಕ್ಸ್. ಕೂಡುವುದನ್ನು ಸೊಗಸಾಗಿ ಮಾಡಿ ತೋರಿಸಿದೆ. ಗುಣಿಸುವುದನ್ನೂ ಅದೇ ಹುರುಪಿನಲ್ಲಿ ಈ ಮನೆಯ ಅಂಕಿಗೆ ಆ ಮನೆಯ ಅಂಕಿ ಹಿಡಿದು ಗುಣಿಸಿ, ಕೆಳಗೆ ಎರಡು ಗೆರೆ ಎಳೆದೆ. ಮಗಳು ಪೆನ್ನಿನ ಕ್ಯಾಪು ಕಚ್ಚಿಕೊಂಡು ನನ್ನನ್ನೇ ನೋಡಿದಳು. "ಅಪ್ಪಾ, ಇದು ಅಡ್ಡಸಾಲು, ಇದು ಕಂಬಸಾಲು. ಎಡಗೈ ಅಡ್ಡಕ್ಕೆ ಹೋಗ್ಬೇಕು, ಬಲಗೈ ಕೆಳಕ್ಕೆ ಇಳೀಬೇಕು." ಹೇಳಿಕೊಟ್ಟ ಹಾಗೆ ಎರಡು ತೋರುಬೆರಳನ್ನೂ ಗಾಳಿಯಲ್ಲಿ ಆಡಿಸುತ್ತ, ತುಟಿಯಲ್ಲಿ ಲೆಕ್ಕ ಗುನುಗುತ್ತ ಕೂತಿದ್ದೆ. ದೇವರಮನೆಯಿಂದ ಹೊರಬಂದ ಅಮ್ಮ ನೋಡಿದವಳೇ, "ಅಂತೂ ಸಂಧ್ಯಾವಂದನೆ ಶುರು ಮಾಡಿದೆಯಲ್ಲೋ" ಎಂದು ಕಣ್ಣು ಒರೆಸಿಕೊಂಡಳು.

ಆಮೇಲೆ ಬಂತು ಇಂಟಿಗ್ರೇಷನ್. ಸೊನ್ನೆಯಿಂದ ಪೈ ಬೈ ಟೂವರೆಗೆ. ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್. ಒಂಬತ್ತೂವರೆಗೆ ಹಿಡಿದೆ. ಸಬ್‌ಸ್ಟಿಟ್ಯೂಷನ್ ಹಾಕಿದೆ, ಛೇದವನ್ನು ಅದರಿಂದಲೇ ಗುಣಿಸಿದೆ, ಒಮ್ಮೆ ಇಡೀ ಹಾಳೆಯನ್ನು ತಲೆಕೆಳಗು ಮಾಡಿಯೂ ನೋಡಿದೆ. ಹನ್ನೊಂದಕ್ಕೆ ಮಗಳು ಹಾಲು ಕುಡಿಯಲು ಎದ್ದು ಬಂದಳು. ನಿಂತಲ್ಲೇ ಬಗ್ಗಿ ಐದು ಸಾಲು ಬರೆದಳು. ಎಕ್ಸ್ ಇದ್ದಲ್ಲಿ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿದರೆ ಸೈನು ಕಾಸಾಗುತ್ತದೆ, ಕಾಸು ಸೈನಾಗುತ್ತದೆ. ಹಳೆಯದನ್ನೂ ಹೊಸದನ್ನೂ ಕೂಡಿದರೆ ಮೇಲೂ ಕೆಳಗೂ ಒಂದೇ. ಉಳಿಯುವುದು ಬರೀ ಒಂದು. ಉತ್ತರ ಪೈ ಬೈ ಫೋರ್. "ಇದನ್ನ ಇಂಟಿಗ್ರೇಟ್ ಮಾಡೋಕೇ ಹೋಗಬಾರದು ಅಪ್ಪಾ. ಆ ತುದಿಯಿಂದ ಒಂದ್ಸಲ ನೋಡ್ಬೇಕು ಅಷ್ಟೆ." ಹಾಲಿನ ಲೋಟ ಸಿಂಕಿಗಿಟ್ಟು ಮಲಗಲು ಹೋದಳು. ನನಗೆ ಎರಡಾದರೂ ನಿದ್ದೆ ಬರಲಿಲ್ಲ.

ಮಾರನೆಯ ದಿನ ಮಾನ ಉಳಿಸಿಕೊಳ್ಳಲು ಭಾಸ್ಕರಾಚಾರ್ಯರನ್ನು ಕರೆತಂದೆ. ಗಣಿತದಲ್ಲಿ ಸೋತ ಭಾರತೀಯ ತಂದೆ ಓಡುವುದು ಅಲ್ಲಿಗೇ. ನ್ಯೂಟನ್ ಹುಟ್ಟುವುದಕ್ಕೆ ಸುಮಾರು ಐನೂರು ವರ್ಷ ಮೊದಲೇ, 1150ರ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯ ವಿಚಾರ ಬರುತ್ತದೆ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಅವಳು ಪೂರ್ತಿ ಕೇಳಿ, ಆ ದಿನ ನಾನು ಬಿಡಿಸಿದ್ದ ಇನ್ನೊಂದು, ಮಿತಿಗಳಿಲ್ಲದ ಇಂಟಿಗ್ರೇಷನ್ನಿನ ಉತ್ತರದ ಕೊನೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು. "ಸರಿ. ಪ್ಲಸ್ ಸಿ ಎಲ್ಲಿ?"

"ಒಂದು ಸಿ ಬಿಟ್ಟರೆ ಏನಾಯ್ತೀಗ?"

"ಪಾಸ್‌ಬುಕ್‌ನಲ್ಲಿ ಜಮಾ-ಖರ್ಚು ಎಲ್ಲ ಇದೆ, ಓಪನಿಂಗ್ ಬ್ಯಾಲೆನ್ಸ್ ಮಾತ್ರ ಹರಿದು ಹೋಗಿದೆ ಅಂದ್ಕೋ. ಅಕೌಂಟಲ್ಲಿ ಎಷ್ಟಿದೆ ಅಂತ ಹೇಳ್ತೀಯಾ? ಡಿಫರೆನ್ಷಿಯೇಟ್ ಮಾಡಿದಾಗ ಆ ಮೊತ್ತ ಸೊನ್ನೆಯಾಗಿ ಕಳೆದುಹೋಗುತ್ತೆ. ವಾಪಸ್ ಬರುವಾಗ ಎಷ್ಟಿತ್ತೋ ಗೊತ್ತಿಲ್ಲ, ಅದಕ್ಕೇ ಸಿ. ಎಲ್ಲಾದ್ರೂ ಒಂದು ಹಳೇ ಎಂಟ್ರಿ ಸಿಕ್ಕಿದ್ರೆ ಸಿ ಎಷ್ಟು ಅಂತ ಹಿಡೀಬಹುದು." ನನ್ನ ಕಸುಬಿನಿಂದಲೇ ನನಗೆ ಹೊಡೆದಿದ್ದಳು. ಜಗಲಿಯಿಂದ ಅಮ್ಮ, "ಅದೇನೋ ಇಂಕ್ರೀಸಿಂಗ್ ಫಂಕ್ಷನ್ ಅಂತಿದ್ರಲ್ಲ, ಯಾರ ಮನೇದು? ಉಡುಗೊರೆಗೆ ಏನು ಕೊಡೋಣ?" ಎಂದು ಕೇಳಿದ್ದರಿಂದ ಆ ಹೊತ್ತಿಗೆ ಬಚಾವಾದೆ.

ಎಲ್‌ಪಿಪಿಗೆ, ಅಂದರೆ ಲೀನಿಯರ್ ಪ್ರೋಗ್ರಾಮಿಂಗಿಗೆ, ಬರುವಷ್ಟರಲ್ಲಿ ಜನವರಿ. ಇದನ್ನು ನಾನು ಓದಿದ ನೆನಪಿಲ್ಲ. ನಮ್ಮ ಕಾಲಕ್ಕೆ ಪಾಠ ಇತ್ತೆಂದರೆ ಆ ದಿನ ನಾನು ಸಿನಿಮಾಕ್ಕೆ ಹೋಗಿರಬೇಕು. ಆದರೆ ಪರೀಕ್ಷೆಯ ಕೊನೆಯ ಭಾಗದಲ್ಲಿ ಆರು ಅಂಕಕ್ಕೆ ಬರುತ್ತದಂತೆ. ಪುಸ್ತಕದಲ್ಲಿ ಎಲ್ಲ ಕುರ್ಚಿ-ಮೇಜು ಮಾಡುವ ವ್ಯಾಪಾರಿಯ ಕಥೆ. ಕಣ್ಣೆದುರು ಸಂಕ್ರಾಂತಿ ಇಟ್ಟುಕೊಂಡು ಅವನ ಕುರ್ಚಿ ನಮಗ್ಯಾಕೆ? "ನಮ್ಮ ಮನೆ ಎಳ್ಳುಬೆಲ್ಲವನ್ನೇ ಲೆಕ್ಕ ಹಾಕೋಣ" ಎಂದೆ. ಅಡುಗೆಮನೆಯಲ್ಲಿ ಕಡಲೆಬೀಜ ಹುರಿಯುತ್ತಿದ್ದ ಸೌಟು ಒಂದು ಕ್ಷಣ ನಿಂತಿತು.

ಗ್ರಾಫ್ ಶೀಟಿನಲ್ಲಿರುವುದು ಎರಡೇ ಅಕ್ಷ, ಎಳ್ಳುಬೆಲ್ಲದಲ್ಲಿ ಐದು ಸಾಮಾನು. ದುಬಾರಿಯವು, ಅಂದರೆ ಎಳ್ಳು ಮತ್ತು ಕೊಬ್ಬರಿ, ಎಕ್ಸ್ ಕಿಲೋ. ಅಗ್ಗದವು, ಅಂದರೆ ಹುರಿಗಡಲೆ, ಕಡಲೆಬೀಜ, ಬೆಲ್ಲ, ವೈ ಕಿಲೋ. ದೇವರಾಜ ಮಾರುಕಟ್ಟೆಯ ಚೀಟಿ ನೋಡಿ ಸರಾಸರಿ ಕಟ್ಟಿದೆ: ಎಕ್ಸ್ ಕಿಲೋಗೆ 300 ರೂಪಾಯಿ, ವೈ 130. ನಲವತ್ತು ಮನೆಗೆ ಎಳ್ಳು ಬೀರಬೇಕು, ಮನೆಗೆ ನೂರು ಗ್ರಾಂ, ಒಟ್ಟು ನಾಲ್ಕು ಕಿಲೋಗೆ ಕಮ್ಮಿಯಾಗಬಾರದು. ಕೊಬ್ಬರಿಯ ಕರಿಬೆನ್ನು ಹೆರೆದು ಸಣ್ಣಗೆ ಹೆಚ್ಚುವ ಕೆಲಸ ಹಿಡಿದು ಎಕ್ಸಿಗೆ ಕಿಲೋಗೆ ಮೂರು ಗಂಟೆ, ವೈಗೆ ಒಂದು. ಅತ್ತೆ-ಸೊಸೆಗೆ ಸಿಗುವುದು ಒಟ್ಟು ಒಂಬತ್ತು ಗಂಟೆ. ಖರ್ಚು ಕನಿಷ್ಠ ಮಾಡಬೇಕು. ಗೆರೆ ಎಳೆದೆ, ಗೀಟು ಹಾಕಿದೆ, ಮೂಲೆಗಳ ಬೆಲೆ ನೋಡಿದೆ. ಉತ್ತರ: ಎಕ್ಸ್ ಸೊನ್ನೆ, ವೈ ಸೊನ್ನೆ, ಖರ್ಚು ಸೊನ್ನೆ.

"ಹಬ್ಬ ಮಾಡೋದೇ ಬೇಡ ಅಂತ ಬಂದಿದೆ" ಎಂದಳು ಮಗಳು. ನಾಲ್ಕು ಕಿಲೋದ ಗೆರೆಗೆ ನಾನು ಒಳಗಡೆ ಗೀಟು ಹಾಕಿದ್ದೆ. ಸೊನ್ನೆ, ಸೊನ್ನೆ ಹಾಕಿ ನೋಡಬೇಕು. ಸೊನ್ನೆ ನಾಲ್ಕಕ್ಕಿಂತ ದೊಡ್ಡದಲ್ಲ, ಆದ್ದರಿಂದ ಮೂಲಬಿಂದು ಇಲ್ಲದ ಕಡೆಗೆ ಗೀಟು. ಅಳಿಸಿ ಹಾಕಿದೆ. ಈಗ ಪುಟ್ಟ ತ್ರಿಕೋನ, ಮೂರು ಮೂಲೆ, ಒಂದರಲ್ಲಿ 520, ಒಂದರಲ್ಲಿ 945, ಇನ್ನೊಂದರಲ್ಲಿ 1170. ಕನಿಷ್ಠ 520! ಹಾಳೆ ಹಿಡಿದು ಅಡುಗೆಮನೆಗೆ ನುಗ್ಗಿದೆ.

ಹೆಂಡತಿ ಕೈ ಒರೆಸಿಕೊಂಡು ಓದಿದಳು. "ಎಕ್ಸ್ ಸೊನ್ನೆ ಅಂದ್ರೆ ಏನ್ರೀ?"

"ದುಬಾರಿಯವು ಬೇಡ ಅಂತ."

"ಅಂದ್ರೆ ಎಳ್ಳುಬೆಲ್ಲಕ್ಕೆ ಎಳ್ಳು ಬೇಡ."

ಎಳ್ಳಿರಬೇಕು ಎಂಬ ಷರತ್ತನ್ನು ನಾನು ಬರೆದೇ ಇರಲಿಲ್ಲ. ಯಾರಾದರೂ ಬರೆಯುತ್ತಾರೆಯೇ? ಮದುವೆ ಕರೆಯೋಲೆಯಲ್ಲಿ 'ವರನೂ ಬರುತ್ತಾನೆ' ಎಂದು ಅಚ್ಚು ಹಾಕಿಸುತ್ತೇವೆಯೇ?

ನನ್ನ ಸಮಾಧಾನಕ್ಕೆ ಸಿಕ್ಕವನು ಜಾರ್ಜ್ ಡಾಂಟ್ಜಿಗ್. ಇಂಥ ಲೆಕ್ಕಗಳನ್ನು ಬಿಡಿಸಲು 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕೊಟ್ಟ ಅಮೆರಿಕದ ಗಣಿತಜ್ಞ. ಆ ವಿಧಾನವನ್ನು ಮೊದಲು ಒರೆಗೆ ಹಚ್ಚಿದ ದೊಡ್ಡ ಲೆಕ್ಕಗಳಲ್ಲಿ ಒಂದು, ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರ ಊಟದ ಲೆಕ್ಕ: 77 ಪದಾರ್ಥಗಳಲ್ಲಿ ಯಾವುದನ್ನು ಎಷ್ಟು ತಿಂದರೆ ಅತಿ ಅಗ್ಗದಲ್ಲಿ ಪೌಷ್ಟಿಕಾಂಶ ಸಿಗುತ್ತದೆ? ಸ್ಟಿಗ್ಲರ್ ಅಂದಾಜಿನಲ್ಲೇ ವರ್ಷಕ್ಕೆ 39.93 ಡಾಲರ್ ಎಂದಿದ್ದರು. ಕೈಯಿಂದ ತಿರುಗಿಸುವಂಥ ಯಂತ್ರಗಳ ಮುಂದೆ ಒಂಬತ್ತು ಮಂದಿ ಗುಮಾಸ್ತರು ಕೂತು, ಒಟ್ಟು 120 ಆಳುಗಳ ಒಂದು ದಿನದ ಕೆಲಸದಷ್ಟು ದುಡಿದು ಕಂಡುಕೊಂಡದ್ದು 39.69. ಉಳಿದದ್ದು 24 ಸೆಂಟು. ಎಲ್ಲರೂ ಡಾಂಟ್ಜಿಗ್ ಬುದ್ಧಿಗೆ ತಲೆದೂಗುತ್ತಾರೆ. ನನ್ನ ಕರುಳು ಹೋದದ್ದು ಆ ಒಂಬತ್ತು ಗುಮಾಸ್ತರ ಕಡೆಗೆ.

ಮುಂದೆ 1950ರ ದಶಕದಲ್ಲಿ ವೈದ್ಯರು ತೂಕ ಇಳಿಸಿ ಎಂದಾಗ ಡಾಂಟ್ಜಿಗ್ ತನ್ನ ಪಥ್ಯವನ್ನೇ ಕಂಪ್ಯೂಟರಿಗೆ ಕೊಟ್ಟ. ಅದು ಹೇಳಿದ್ದನ್ನೇ ತಿನ್ನುತ್ತೇನೆಂದು ಹೆಂಡತಿಗೆ ಮಾತೂ ಕೊಟ್ಟ. ಅದು 500 ಗ್ಯಾಲನ್ ವಿನಿಗರ್ ಕುಡಿ ಎಂದಿತು. ವಿನಿಗರ್ ತೆಗೆದುಹಾಕಿದರೆ, ದಿನಕ್ಕೆ ಸೂಪಿನ ಉಪ್ಪುಬಿಲ್ಲೆ 200 ನುಂಗು ಎಂದಿತು. ಕೊನೆಗೆ ಹೆಂಡತಿಯೇ ಪಥ್ಯ ಮಾಡಿ ಹಾಕಿ ತೂಕ ಇಳಿಸಿದಳಂತೆ. ಇದನ್ನು ನಾನು ಉತ್ಸಾಹದಿಂದ ಅಡುಗೆಮನೆಯಲ್ಲಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಕಥೆ ಯಾರ ಪರವಾಗಿದೆ ಎಂದು ಹೊಳೆಯಿತು.

ಅವಳು ಚೀಟಿ-ಗೀಟಿ ನೋಡದೆ, ಬೊಗಸೆಯಲ್ಲೇ ಅಳೆದು ಬೆರೆಸಿದಳು. ಮಗಳು ಆಮೇಲೆ ತೂಗಿ ನೋಡಿದಳು: ಎಕ್ಸ್ ಒಂದೂವರೆ, ವೈ ಎರಡೂವರೆ, ಖರ್ಚು 775. ನನ್ನ ಗ್ರಾಫಿನಲ್ಲಿ ಆ ಬಿಂದು ಗುರುತಿಸಿದಳು. ಸರಿಯಾಗಿ ಗೆರೆಯ ಮೇಲೇ ಕೂತಿತ್ತು, ಆದರೆ ಯಾವ ಮೂಲೆಯಲ್ಲೂ ಇಲ್ಲ. ಮೂಲೆಯಲ್ಲಿದ್ದವನು ನಾನು, ಅಡಕತ್ತರಿ ಹಿಡಿದು. ನನ್ನ ಎರಡನೇ ಷರತ್ತಿನ ಒಂಬತ್ತು ಗಂಟೆ ಯಾರದ್ದು ಎಂದು ಪ್ರಶ್ನೆ ಬಂದು, ಕೊಬ್ಬರಿ ನನ್ನ ಪಾಲಿಗೆ ಬಿದ್ದಿತ್ತು. ಬೊಬ್ಬೆ ಎದ್ದ ಹೆಬ್ಬೆರಳು ಊದಿಕೊಳ್ಳುತ್ತ ಕೂತಿದ್ದೆ.

ಸಕ್ಕರೆ ಅಚ್ಚಿನ ಮರದ ಮಣೆಗಳು ಅಮ್ಮನ ಟ್ರಂಕಿನ ತಳದಲ್ಲಿರುತ್ತವೆ. ಅವನ್ನು ತೆಗೆಯಲು ಹೋದವಳು ಅಚ್ಚಿನ ಜೊತೆಗೆ ಮಡಿಸಿ ಹಳದಿಯಾದ ಕಾಗದವೊಂದನ್ನೂ ತಂದಳು. "ನೋಡು ಕಂದಾ, ನಿಮ್ಮಪ್ಪನ ಪಿಯುಸಿ ಮಾರ್ಕ್ಸ್ ಕಾರ್ಡು. ಜೋಪಾನವಾಗಿ ಇಟ್ಟಿದ್ದೀನಿ."

ಮಗಳು ಮಡಿಕೆ ಬಿಚ್ಚಿ, ಬೆರಳಿಟ್ಟು ಸಾಲು ಹುಡುಕಿ, ಎಳ್ಳಿನ ತಟ್ಟೆಯ ಪಕ್ಕದಲ್ಲಿ ಮೆಲ್ಲಗೆ ಇಟ್ಟಳು.

"ಓಪನಿಂಗ್ ಬ್ಯಾಲೆನ್ಸ್ ಸಿಕ್ತು ಅಪ್ಪಾ. 47."