ಕೆಂಪು ಕ್ಯಾಲಿಪರಿನ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಕಾರಿನ ನಾಲ್ಕೂ ಚಕ್ರಗಳ ಒಳಗಿಂದ ಕೆಂಪು ಕ್ಯಾಲಿಪರುಗಳು ಇಣುಕತೊಡಗಿದ್ದನ್ನು ಬೀದಿಯವರೆಲ್ಲ ಕಣ್ತುಂಬ ನೋಡಿದ್ದೇವೆ. ಮೇಲೆ ಬಿಳಿ ಅಕ್ಷರದಲ್ಲಿ ‘ಬ್ರೆಂಬೊ’ ಎಂದು ಬೇರೆ ಬರೆದಿದೆ. 1961ರಲ್ಲಿ ಇಟಲಿಯ ಬೆರ್ಗಾಮೊ ಹತ್ತಿರ ಶುರುವಾಗಿ, ರೇಸ್ ಕಾರುಗಳ ಬ್ರೇಕಿಗೆ ಹೆಸರಾದ ಕಂಪನಿ ಅದು. ತಮ್ಮದು ಪ್ಲಾಸ್ಟಿಕ್ ಕವರು, ಆಕ್ಸೆಸರೀಸ್ ಅಂಗಡಿಯ ಹುಡುಗ ಗಮ್ ಹಚ್ಚಿ ಕೂರಿಸಿದ್ದು. ಇಷ್ಟು ಚಿಕ್ಕ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವವರು ಕಾರು ಇಟ್ಟುಕೊಳ್ಳಲೇಬಾರದು, ಬಿಡಿ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹಿಂದಿನ ಎರಡು ಚಕ್ರಗಳು. ತಮ್ಮ ಕಾರಿಗೆ ಹಿಂದೆ ಇರುವುದು ಡ್ರಮ್ ಬ್ರೇಕ್. ಅಲ್ಲಿ ಡಿಸ್ಕೂ ಇಲ್ಲ, ಕ್ಯಾಲಿಪರೂ ಇಲ್ಲ. ಇಲ್ಲದ ಅಂಗಕ್ಕೂ ಅಂಗಿ ತೊಡಿಸುವ ಈ ಔದಾರ್ಯ ಎಲ್ಲರಿಗೂ ಬರುವಂಥದ್ದಲ್ಲ.

ಮುಂದಿನ ಚಕ್ರಗಳಲ್ಲಿ ಮಾತ್ರ ಕವರಿನಡಿ ನಿಜವಾದ ಕ್ಯಾಲಿಪರ್ ಉಂಟು. ತಮಗೂ ಅದಕ್ಕೂ ಇನ್ನೂ ಪರಿಚಯವಾದಂತಿಲ್ಲ, ನಾನೇ ಮಾಡಿಸುತ್ತೇನೆ. ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅಮುಕಿ ಹಿಡಿಯುವುದು ಅದರ ಕೆಲಸ. ಮನೆತನ ಒಳ್ಳೆಯದೇ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. 1953ರಲ್ಲಿ ಜಾಗ್ವಾರ್ ಸಿ-ಟೈಪ್ ಕಾರು ಡಿಸ್ಕ್ ಬ್ರೇಕ್ ಹಾಕಿಕೊಂಡು ಲೆ ಮಾನ್ ರೇಸ್ ಗೆದ್ದ ಮೇಲೆ ಉಳಿದವರೂ ಇದರ ಬೆನ್ನು ಹತ್ತಿದರು.

ತಾವು ಪೆಡಲ್ ತುಳಿದಾಗ ಆ ಬಲಕ್ಕೆ ಬೂಸ್ಟರ್ ತನ್ನದನ್ನೂ ಸೇರಿಸುತ್ತದೆ. ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನೊಳಗೆ ಒತ್ತುತ್ತದೆ. ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿ.ಮೀ., ಕ್ಯಾಲಿಪರಿನ ಪಿಸ್ಟನ್ನಿನದು 54 ಮಿ.ಮೀ. ಎಂದಿಟ್ಟುಕೊಂಡರೆ ಬಲ ಏಳು ಪಟ್ಟಿಗೂ ಮಿಗಿಲಾಗಿ ಹೆಚ್ಚುತ್ತದೆ. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಉರು ಹೊಡೆದ ಪ್ಯಾಸ್ಕಲ್ ನಿಯಮವೇ ಇದು. ತಮ್ಮಂಥವರ ಕಾರಿನ ಕ್ಯಾಲಿಪರಿಗೆ ಪಿಸ್ಟನ್ ಒಂದೇ, ಅದೂ ಒಳಬದಿಯಲ್ಲಿ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಹೊರಗಿನ ಪ್ಯಾಡಿಗೆ ಬೇರೆ ಪಿಸ್ಟನ್ ಇಲ್ಲ. ಪಿಸ್ಟನ್ ಎಷ್ಟು ಬಲವಾಗಿ ಮುಂದಕ್ಕೆ ನೂಕುತ್ತದೋ ಅಷ್ಟೇ ಬಲವಾಗಿ ಕ್ಯಾಲಿಪರಿನ ಇಡೀ ಮೈ ಹಿಂದಕ್ಕೆ ಸರಿದು, ಹೊರಗಿನ ಪ್ಯಾಡನ್ನು ಎಳೆತಂದು ಡಿಸ್ಕಿಗೆ ಅಮುಕುತ್ತದೆ. ಹೀಗೆ ಸರಿದಾಡುವುದಕ್ಕೆಂದೇ ಎರಡು ಪಿನ್ನುಗಳಿವೆ, ಬೆರಳು ಗಾತ್ರದವು, ರಬ್ಬರ್ ಬೂಟಿನೊಳಗೆ ಗ್ರೀಸಿನಲ್ಲಿ ಜಾರುತ್ತಿರಬೇಕಾದವು.

ಕಾಲು ತೆಗೆದ ಮೇಲೆ ಪಿಸ್ಟನ್ ಹಿಂದಕ್ಕೆ ಬರುವ ಬಗೆ ಇನ್ನೂ ಸೊಗಸು. ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಉಂಗುರವಿದೆ. ಪಿಸ್ಟನ್ ಮುಂದೆ ಹೋದಾಗ ಅದನ್ನು ತಬ್ಬಿಕೊಂಡ ಉಂಗುರ ತುಸು ತಿರುಚಿಕೊಳ್ಳುತ್ತದೆ. ಒತ್ತಡ ಇಳಿದೊಡನೆ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಆ ಉಂಗುರದೊಳಗೇ ಜಾರಿ ಒಂದಿಷ್ಟು ಮುಂದೆ ಬಂದು ಕೂರುತ್ತದೆ. ಯಾರೂ ಅಡ್ಜಸ್ಟ್ ಮಾಡಬೇಕಿಲ್ಲ. ಇದನ್ನು ಕಂಡುಹಿಡಿದವರು ಮೇಲೆ ಕೆಂಪು ಬಣ್ಣ ಬಳಿಯದೆ ಸುಮ್ಮನಿದ್ದುದು ದೊಡ್ಡ ತಪ್ಪು.

ತಾವು ಕಾರಿಗೆ ಸಲ್ಲಿಸುವ ಸೇವೆಯಲ್ಲಿ ಎಣಿಸಿ ಹೇಳುವಂಥ ಕೊರತೆ ಇಲ್ಲ. ಬಾನೆಟ್ಟಿಗೆ ಕೋಟಿಂಗು, ಸೀಟಿಗೆ ಹೊಸ ಹೊದಿಕೆ, ಆಯುಧ ಪೂಜೆಯ ದಿನ ಸ್ಟೀರಿಂಗಿಗೆ ಹಾರ, ನಾಲ್ಕು ಟೈರಿಗೂ ನಿಂಬೆಹಣ್ಣು. ಕ್ಯಾಲಿಪರಿನ ಪಿನ್ನಿಗೆ ಒಂದು ಚಿಟಿಕೆ ಗ್ರೀಸು ಮಾತ್ರ ಕಾರು ಕೊಂಡಂದಿನಿಂದ ಬಿದ್ದಿಲ್ಲ. ಬೂಟ್ ಹರಿದು ನೀರು ನುಗ್ಗಿದ ಪಿನ್ ಒಂದು ಮಳೆಗಾಲ ಕಳೆಯುವುದರೊಳಗೆ ಹಿಡಿದುಕೊಂಡುಬಿಡುತ್ತದೆ. ಆಗ ಕ್ಯಾಲಿಪರ್ ಸರಿಯುವುದಿಲ್ಲ. ಒಳಗಿನ ಪ್ಯಾಡೊಂದೇ ದುಡಿದು ಸವೆಯುತ್ತದೆ. ಅಲಾಯ್ ವೀಲ್ ಸಂದಿಯಿಂದ ಬಗ್ಗಿ ನೋಡಿದವರಿಗೆ ಕಾಣುವುದು ಹೊರಗಿನ ಪ್ಯಾಡು. ಅದು ದಪ್ಪಗೇ ಇರುತ್ತದೆ. ಒಳಗಿನದು ತಗಡಿಗೆ ಬಂದಿರುತ್ತದೆ. ತಮ್ಮ ಕವರು ಬಗ್ಗಿ ನೋಡುವ ಆ ಕಷ್ಟವನ್ನೂ ತಪ್ಪಿಸಿದೆ.

ಪಿಸ್ಟನ್ನೇ ತುಕ್ಕು ಹಿಡಿದು ಸಿಕ್ಕಿಕೊಂಡರೆ ಪ್ಯಾಡು ಡಿಸ್ಕನ್ನು ಬಿಡುವುದೇ ಇಲ್ಲ. ಕಾರು ಒಂದು ಕಡೆಗೆ ಎಳೆಯುತ್ತದೆ. ತಾವು ರಸ್ತೆಯನ್ನು ಬೈದು ಅಲೈನ್‌ಮೆಂಟ್ ಮಾಡಿಸಿದಿರಿ. ಮೈಲೇಜ್ ಬೀಳುತ್ತದೆ, ತಾವು ಬಂಕಿನ ಹುಡುಗನ ಮೇಲೆ ರೇಗಿದಿರಿ. ಸುಟ್ಟ ವಾಸನೆ ಬರುತ್ತದೆ. ತಾವು ಡ್ಯಾಶ್‌ಬೋರ್ಡಿನಲ್ಲಿ ಮಲ್ಲಿಗೆ ಪರಿಮಳದ ಬಾಟಲಿ ಇಟ್ಟಿರಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿದರೆ, ಮುಟ್ಟಬೇಕಾಗಿಯೂ ಇಲ್ಲ, ಯಾವುದು ಉಳಿದವುಗಳಿಗಿಂತ ಧಗಧಗ ಎನ್ನುತ್ತಿದೆ ಎಂದು ಗೊತ್ತಾಗಿಬಿಡುತ್ತದೆ. ಆದರೆ ಇದಕ್ಕೆ ದುಡ್ಡು ಬೀಳುವುದಿಲ್ಲವಾದ್ದರಿಂದ ತಮಗೆ ನಂಬಿಕೆ ಬರಲಿಕ್ಕಿಲ್ಲ.

ಮುಂದಿನ ವಾರ ಮನೆಮಂದಿಯೊಂದಿಗೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೊರಟಿದ್ದೀರೆಂದು ಕೇಳಿದೆ. ಒಂದು ಸಣ್ಣ ಲೆಕ್ಕ. 1,200 ಕೆ.ಜಿ. ತೂಕದ ಗಾಡಿ 500 ಮೀಟರ್ ಎತ್ತರವನ್ನು ಬರೀ ಬ್ರೇಕ್ ಮೇಲೇ ಇಳಿದರೆ ಹುಟ್ಟುವ ಶಾಖ 15 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಲ್ಲದು. ಎರಡನೇ ಗೇರಿನಲ್ಲಿ ಇಳಿಯುವವರು ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನಿಗೆ ದಾಟಿಸುತ್ತಾರೆ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸುತ್ತ ಇಳಿಯುವ ತಮ್ಮ ಕಾರಿನಲ್ಲಿ ಅಷ್ಟೂ ಶಾಖ ಡಿಸ್ಕು, ಡ್ರಮ್ಮು, ಪ್ಯಾಡುಗಳಿಗೆ ಹೋಗಿ ಅಲ್ಲಿಂದ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗೂ ಕುದಿಯದಿರಬೇಕು. ಅದು ಗಾಳಿಯ ತೇವವನ್ನು ಹೀರುವ ಜಾತಿ. ನೀರು ಕುಡಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 155. ಕುದಿದರೆ ಪೈಪಿನಲ್ಲಿ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಪಿಸ್ಟನ್ನನ್ನು ದೂಡುವುದಿಲ್ಲ; ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆನ್ನುವುದು ಇದಕ್ಕೇ. ಘಾಟಿ ಇಳಿಯುವಷ್ಟು ಹೊತ್ತಿಗೆ ತಮ್ಮ ಕವರಿನ ಗಮ್ಮೂ ಕರಗಿ, ಕೆಂಪು ಪ್ಲಾಸ್ಟಿಕ್ ವೀಲಿಗೆ ಬಡಿಯುತ್ತ ಸದ್ದು ಮಾಡೀತು. ಆಗುಂಬೆಯ ಕೋತಿಗಳಿಗೆ ಮನರಂಜನೆ.

ಹೊರಡುವ ಮುಂಚೆ ಚಕ್ರ ಬಿಚ್ಚಿಸುವ ಮನಸ್ಸಾದರೆ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿರಿ. ಎರಡು ಬೋಲ್ಟ್ ತೆಗೆದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ಹೋಸ್ ಪೈಪಿಗೇ ಜೋತುಬೀಳಲು ಬಿಡುವುದು ಹಲವು ಗ್ಯಾರೇಜುಗಳ ಪದ್ಧತಿ. ತಂತಿಯಲ್ಲಿ ಕಟ್ಟಿ ತೂಗುಹಾಕಲು ಹೇಳಿ, ಹೋಸ್ ಒಳಗೇ ಬಿರುಕು ಬಿಟ್ಟರೆ ಹೊರಗೆ ಕಾಣುವುದಿಲ್ಲ. ಪಿನ್ನುಗಳನ್ನು ಹೊರಗೆಳೆದು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಲಿ. ಬೇರಿಂಗಿನ ಗ್ರೀಸ್ ಡಬ್ಬಕ್ಕೆ ಕೈ ಹಾಕಿದರೆ ಅಲ್ಲೇ ತಡೆಯಿರಿ. ಪೆಟ್ರೋಲಿಯಂ ತಾಗಿದರೆ ಆ ರಬ್ಬರುಗಳು ಉಬ್ಬಿ, ಪಿನ್ ಮೊದಲಿಗಿಂತ ಬಿಗಿಯಾಗಿ ಕೂರುತ್ತದೆ. ಪ್ಯಾಡ್ 3 ಮಿ.ಮೀ.ಗೆ ಇಳಿದಿದ್ದರೆ ಎರಡೂ ಚಕ್ರದವನ್ನು ಒಟ್ಟಿಗೇ ಬದಲಿಸಲಿ. ಹೊಸ ದಪ್ಪ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಆಯಿಲ್ ಮೇಲಿನ ಡಬ್ಬಿಯಲ್ಲಿ ಏರುತ್ತದೆ. ಉಕ್ಕಿ ಬಾನೆಟ್ ಅಂಚಿಗೆ ಹರಿದರೆ ಪೇಂಟನ್ನು ತಿಂದುಹಾಕುತ್ತದೆ. ಪೇಂಟ್ ಎಂದ ಮೇಲೆ ತಾವು ಎಚ್ಚರದಿಂದಿರುತ್ತೀರಿ ಎಂಬ ಭರವಸೆ ನನಗಿದೆ.

ಇಂತಿ ತಮ್ಮ ವಿಶ್ವಾಸಿ,
ಎದುರು ಮನೆಯವ

ವಿ.ಸೂ.: ಪ್ಯಾಡ್ ಬದಲಿಸಿದ ಮೇಲೆ ಪೆಡಲ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ತುಳಿದು, ಆಮೇಲೆ ಗಾಡಿ ತೆಗೆಯಿರಿ. ಹಿಂದಕ್ಕೆ ಹೋದ ಪಿಸ್ಟನ್ ಇನ್ನೂ ಪ್ಯಾಡನ್ನು ಮುಟ್ಟಿರುವುದಿಲ್ಲ, ಮೊದಲ ತುಳಿತ ನೆಲಕ್ಕೇ ಹೋಗುತ್ತದೆ. ತಮ್ಮ ಗೇಟಿನಿಂದ ನೆಟ್ಟಗೆ ಬಂದರೆ ಸಿಗುವುದು ನಮ್ಮ ಕಾಂಪೌಂಡು, ಅದಕ್ಕೆ ಈಗಷ್ಟೇ ಸುಣ್ಣ ಹೊಡೆಸಿದ್ದೇನೆ.