ಸಿಂಕ್ ಪಂಡಿತರು

ಹಳೇ ಪೇಟೆಬೀದಿಯ ಸ್ಟುಡಿಯೋಗಳಲ್ಲಿ ಈ ಜಾತಿಯವರು ಒಬ್ಬರಾದರೂ ಇನ್ನೂ ಸಿಗುತ್ತಾರೆ. ರೀಲಿನ ಕಾಲದಲ್ಲಿ ಊರಿನ ಮುಕ್ಕಾಲು ಪಾಲು ಮದುವೆಗಳ ಫೋಟೋ ಹೊಡೆದವರು. ಈಗ ಪಾಸ್‌ಪೋರ್ಟ್ ಸೈಜು, ಆಧಾರ್ ಪ್ರಿಂಟು, ಲ್ಯಾಮಿನೇಷನ್ ಎಲ್ಲ ಮಗನದು. ಇವರಿಗೆ ಉಳಿದಿರುವುದು ಗಲ್ಲಾಪೆಟ್ಟಿಗೆ ಪಕ್ಕದ ಕುರ್ಚಿ ಮತ್ತು ಫ್ಲಾಶ್ ಸಿಂಕ್, ಅಂದರೆ ಫ್ಲಾಶಿಗೂ ಶಟರಿಗೂ ತಾಳ ಕೂಡಿಸುವುದು, ಎಂಬ ಒಂದೇ ವಿಷಯ.

ಇವರ ಪುಣ್ಯಕ್ಕೆ, ತಾತನ ಬೀರುವಿನಿಂದ ಕ್ಯಾಮೆರಾ ಎತ್ತಿಕೊಂಡು ಬರುವ ಹುಡುಗರು ಈಚೆಗೆ ಮತ್ತೆ ಕಾಣಿಸಿಕೊಳ್ಳುತ್ತಿದ್ದಾರೆ. "ಫ್ಲಾಶೇನೋ ಹೊಡೀತು ಅಂಕಲ್, ಫೋಟೋ ಸರಿಯಾಗಿ ಬರ್ಲಿಲ್ಲ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಂಡಿತರ ಬೆನ್ನು ನೆಟ್ಟಗಾಗುತ್ತದೆ.

"ಪೂರ್ತಿ ಖಾಲಿಯೋ, ಅರ್ಧ ಖಾಲಿಯೋ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರಕ್ಕೆ ಕಾಯುವ ಅಭ್ಯಾಸ ಅವರಿಗಿಲ್ಲ. ಪೂರ್ತಿ ಖಾಲಿಯಿಂದಲೇ ಪಾಠ ಶುರು. ಯಾಶಿಕಾ ಮ್ಯಾಟ್‌ನಂಥ ಎರಡು ಲೆನ್ಸಿನ ಕ್ಯಾಮೆರಾದಲ್ಲಿ ಎಂ, ಎಕ್ಸ್ ಎಂದು ಬದಲಿಸುವ ಪುಟ್ಟ ಕಡ್ಡಿಯೊಂದಿರುತ್ತದೆ. ಎಂ ಇರುವುದು ಹಳೇ ಫ್ಲಾಶ್ ಬಲ್ಬಿಗೆ. ಬಲ್ಬು ಧಗ್ಗನೆ ಉರಿಯಲು ತುಸು ಹೊತ್ತು ಬೇಕು. ಅದಕ್ಕೇ ಮೊದಲು ಕರೆಂಟು, ಆಮೇಲೆ ಶಟರು. ಎಲೆಕ್ಟ್ರಾನಿಕ್ ಫ್ಲಾಶಿಗೆ ಆ ತಾಳ್ಮೆ ಎಲ್ಲಿ? ಶಟರ್ ತೆರೆಯುವ ಹೊತ್ತಿಗೆ ಅದು ಮಿಂಚಿ ಮುಗಿಸಿರುತ್ತದೆ.

"ಗಟ್ಟಿಮೇಳ ನಿಂತ ಮೇಲೆ ತಾಳಿ ಕಟ್ಟಿದ ಹಾಗಾಯ್ತು ಕಣಯ್ಯಾ! ಎಕ್ಸ್‌ಗೆ ತಳ್ಳು."

"ಇದು ಪೆಂಟಾಕ್ಸ್ ಕೆ 1000 ಅಂಕಲ್. ಅಂಥ ಕಡ್ಡಿಯೇ ಇಲ್ಲ."

"ಹಾಗಾದ್ರೆ ವೈರು."

"ವೈರೂ ಇಲ್ಲ. ಫ್ಲಾಶ್ ಮೇಲೇ ಕೂರುತ್ತೆ."

ಇಲ್ಲದಿದ್ದರೇನು, ಇದ್ದಿದ್ದರೆ ಏನು ಮಾಡಬೇಕಿತ್ತು ಎಂದು ಹೇಳಬಾರದೇ? ವೈರಿನ ತುದಿ ಸಡಿಲವಾಗಿದ್ದರೆ ಇಕ್ಕಳದಲ್ಲಿ ಹದವಾಗಿ ಒತ್ತಬೇಕು. ಫ್ಲಾಶ್ ಕೂರುವ ಜಾಗದಲ್ಲಿ ಕಿಲುಬಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಕು. ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ ಫ್ಲಾಶಿನ ಕೆಪಾಸಿಟರ್ ಒಂದೇ ಸಲಕ್ಕೆ ಎಚ್ಚರಾಗುವುದಿಲ್ಲ. "ಇದನ್ನ ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಿಬಿಟ್ಟೀಯ, ಜೋಕೆ! ಕೆಲವು ಹಳೇ ಫ್ಲಾಶು 200 ವೋಲ್ಟ್ ದಾಟುತ್ತೆ. ಸುಟ್ಟುಹೋದೀತು."

"ಅಪ್ಪಾ, ಶಟರ್ ಸ್ಪೀಡ್ ಎಷ್ಟಿದೆ ನೋಡಿ" ಎಂದ ಮಗ, ಪ್ರಿಂಟರಿನಿಂದ ತಲೆಯೆತ್ತದೆ.

ಪಂಡಿತರು ಮಗನನ್ನು ದುರುಗುಟ್ಟಿಕೊಂಡು ನೋಡಿದರು. ಸ್ಪೀಡ್ 125ರಲ್ಲಿದೆ ಎಂಬುದು ಹುಡುಗ ಕ್ಯಾಮೆರಾ ಕೌಂಟರ್ ಮೇಲಿಟ್ಟಾಗಲೇ ಅವರ ಕಣ್ಣಿಗೆ ಬಿದ್ದಿತ್ತು. ಡಯಲನ್ನು 60ಕ್ಕೆ ತಿರುಗಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟಕ್ಕೇ ಕಳಿಸಿದರೆ ಸಂಜೆ ತನಕ ಮಾಡುವುದೇನು?

ಕೊನೆಗೆ ನೆಗೆಟಿವ್ ಟ್ಯೂಬ್‌ಲೈಟ್ ಮುಂದೆ ಬಂತು. ಅಕ್ಕನ ನಿಶ್ಚಿತಾರ್ಥ. ಅಕ್ಕ ಇದ್ದಾಳೆ, ಭಾವ ಇರಬೇಕಾದ ಅರ್ಧ ಖಾಲಿ.

"ಒಳಗಡೆ ಎರಡು ಬಟ್ಟೆ ಪರದೆ ಅಡ್ಡಡ್ಡ ಓಡ್ತವೆ ಮಗೂ. 60ರ ತನಕ ಮೊದಲನೇದು ಪೂರ್ತಿ ಸರಿದ ಮೇಲೇ ಎರಡನೇದು ಹೊರಡೋದು. 125ಕ್ಕೆ ಹೋದ್ಯೋ, ಅದಕ್ಕೆ ಅವಸರ. ಫ್ಲಾಶ್ ಮಿಂಚೋ ಹೊತ್ತಿಗೆ ಅರ್ಧ ಮುಚ್ಚಿರುತ್ತೆ. ನಿಕಾನ್ ಎಫ್‌ಎಂ ಆಗಿದ್ರೆ 125ರಲ್ಲೂ ಭಾವ ಬರ್ತಿದ್ದ."

"ಗೊತ್ತಾಯ್ತು ಅಂಕಲ್. ಎಷ್ಟು ಕೊಡಲಿ?"

"ದುಡ್ಡು ಯಾರು ಕೇಳಿದ್ರು? ಕಣ್ಣಾರೆ ನೋಡಿಕೊಂಡು ಹೋಗು. ಹಿಂದಿನ ಮುಚ್ಚಳ ತೆಗೆದು, ಲೆನ್ಸನ್ನ ಬಿಳೀ ಗೋಡೆ ಕಡೆ ಹಿಡಿದು, ಫ್ಲಾಶ್ ಹೊಡೆದ್ರೆ ಅರ್ಧ ಬೆಳಕು, ಪೂರ್ತಿ ಬೆಳಕು ಎರಡೂ ಕಾಣುತ್ತೆ."

ಹುಡುಗ ಬಾಯಿ ತೆರೆಯುವಷ್ಟರಲ್ಲಿ ಪಂಡಿತರು ಗುಬುಟು ಎತ್ತಿಯಾಗಿತ್ತು. ಟಕ್ ಎಂದು ಮುಚ್ಚಳ ತೆರೆಯಿತು. ಒಳಗೆ ರೋಲು ಇತ್ತು.

"ಅಂಕಲ್! ನಾಮಕರಣದ್ದು! 30 ಫೋಟೋ ಆಗಿತ್ತು!"

ಪಂಡಿತರು ವಿಚಲಿತರಾಗಲಿಲ್ಲ. "ಅದನ್ನೂ 125ರಲ್ಲೇ ಹೊಡೆದಿದ್ದೆ ತಾನೆ?"

"ಹೂಂ."

"ಹಾಗಾದ್ರೆ ನಷ್ಟ 15ರದ್ದು ಮಾತ್ರ."