ಉಲ್ಲೇಖಮೀಮಾಂಸೆ

ಎಂ.ಎ. ವಿದ್ಯಾರ್ಥಿಗಳು ಆಂತರಿಕ ಅಂಕಗಳಿಗಾಗಿ ಬರೆದೊಪ್ಪಿಸುವ ಅಸೈನ್‌ಮೆಂಟುಗಳ ಕೊನೆಯ ಹಾಳೆಯಲ್ಲಿ ‘ಗ್ರಂಥಋಣ’ ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿ ಇರುತ್ತದೆ. ಈ ಪಟ್ಟಿ ಪ್ರಬಂಧಕ್ಕೆ ಅಂಟಿಕೊಂಡ ಬಾಲ, ಬರೆದವರು ಓದಿದ ಪುಸ್ತಕಗಳ ಲೆಕ್ಕ ಎಂಬುದು ಪೂರ್ವಸೂರಿಗಳ ಮತ. ಈ ಮತ ನಿಲ್ಲುವುದಿಲ್ಲ. ಪಟ್ಟಿ ಸಿದ್ಧವಾಗುವುದು ಪ್ರಬಂಧಕ್ಕಿಂತ ಮೊದಲು. ಹಿಂದಿನ ವರ್ಷದವರು ಬಿಟ್ಟುಹೋದ ಪ್ರತಿಯಿಂದ ಅದು ಇಡಿಯಾಗಿ ಇಳಿದುಬರುತ್ತದೆ, ಅವರಿಗೆ ಅವರ ಹಿಂದಿನವರಿಂದ ಬಂದಿರುತ್ತದೆ. ಮೌಲ್ಯಮಾಪಕರು ಕಟ್ಟು ಬಿಚ್ಚಿದೊಡನೆ ತಿರುವುವುದೂ ಆ ಕೊನೆಯ ಹಾಳೆಯನ್ನೇ. ಹುಟ್ಟಿನಲ್ಲೂ ಓದಿನಲ್ಲೂ ಮೊದಲು ಬರುವುದನ್ನು ಬಾಲ ಎನ್ನುವುದು ಯಾವ ತರ್ಕ? ಆದ್ದರಿಂದ ಇಲ್ಲಿ ಪ್ರತಿಪಾದಿಸುವುದು ಇಷ್ಟು: ಗ್ರಂಥಋಣವು ಸ್ವತಂತ್ರವಾದ ಸಾಹಿತ್ಯ ಪ್ರಕಾರ, ಅದರ ಹಿಂದಿರುವ ಹದಿನೈದು ಪುಟ ಅದಕ್ಕೆ ಬರೆದ ಪೀಠಿಕೆ, ಮತ್ತು ಉಲ್ಲೇಖವೊಂದು ಸಿಂಧುವಾಗಲು ಆಕರ ಗ್ರಂಥವನ್ನು ಓದಿರಬೇಕೆಂಬುದಾಗಲಿ, ಅಂಥ ಗ್ರಂಥ ಇರಲೇಬೇಕೆಂಬುದಾಗಲಿ ಎಲ್ಲಿಯೂ ಸಿದ್ಧವಾಗಿಲ್ಲ.

ಮೊದಲ ಪ್ರಮಾಣ ನಮ್ಮ ಪರಂಪರೆಯದೇ. ಕನ್ನಡದಲ್ಲಿ ನಮಗೆ ದಕ್ಕಿರುವ ಅತ್ಯಂತ ಹಳೆಯ ಗ್ರಂಥ, 9ನೆಯ ಶತಮಾನದ ‘ಕವಿರಾಜಮಾರ್ಗ’, ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಕೃತಿಯ ಹೆಸರಿಲ್ಲ, ಕಾಲವಿಲ್ಲ, ಪುಟಸಂಖ್ಯೆಯ ಮಾತಂತೂ ಇಲ್ಲ. ವಿಮಳ ಒಬ್ಬ, ಉದಯ ಇನ್ನೊಬ್ಬ ಎಂದೋ, ಇಬ್ಬರೂ ಸೇರಿ ವಿಮಳೋದಯ ಎಂಬ ಒಬ್ಬನೇ ಎಂದೋ ಓದಿಕೊಳ್ಳಲು ಎಡೆಯಿದೆ. ಒಂದು ಅಲ್ಪವಿರಾಮ ಹಾಕಿದ್ದರೆ ಸಾಕಿತ್ತು, ಆದರೆ ಅಂದಿಗೆ ಅಲ್ಪವಿರಾಮ ಕನ್ನಡಕ್ಕೆ ಬಂದಿರಲಿಲ್ಲ. ಈ ಗದ್ಯಕಾರರ ಕನ್ನಡ ಬರಹದಲ್ಲಿ ಒಂದು ಸಾಲೂ ಉಳಿದಿಲ್ಲ. ಆದರೂ ಇವರಿಲ್ಲದ ಸಾಹಿತ್ಯ ಚರಿತ್ರೆ ಇಲ್ಲ, ಇವರ ಬಗ್ಗೆ ಕೇಳದ ಪ್ರಶ್ನೆಪತ್ರಿಕೆಯೂ ವಿರಳ. ಅಂದರೆ ನಮ್ಮ ವಾಙ್ಮಯ ಶುರುವಾಗುವುದೇ ಆಕರವಿಲ್ಲದ ಉಲ್ಲೇಖಗಳಿಂದ, ಮತ್ತು ಆಕರವಿಲ್ಲದಿರುವುದರಿಂದ ಆ ಉಲ್ಲೇಖಗಳ ಬೆಲೆ ಏರಿದೆಯೇ ಹೊರತು ಇಳಿದಿಲ್ಲ. ದುರ್ವಿನೀತನ ಗದ್ಯ ನಾಳೆ ಯಾವುದಾದರೂ ಮಠದ ಓಲೆಗರಿ ಕಟ್ಟಿನಲ್ಲಿ ಸಿಕ್ಕಿತೆನ್ನಿ, ಅವನನ್ನು ಓದಬೇಕಾಗುತ್ತದೆ. ಆಗ ಉಲ್ಲೇಖಿಸುವವರ ಸಂಖ್ಯೆ ಕುಸಿಯುವುದು ಖಚಿತ. ಇನ್ನು ‘ಕವಿರಾಜಮಾರ್ಗ’ದ ಕರ್ತೃ ಅರಸ ನೃಪತುಂಗನೋ, ಅವನ ಒಪ್ಪಿಗೆ ಪಡೆದು ಬರೆದ ಶ್ರೀವಿಜಯನೋ ಎಂಬ ಚರ್ಚೆ ಶತಮಾನ ದಾಟಿದೆ. ಬರೆದವನೊಬ್ಬ, ಲೇಖಕರ ಸಾಲಿನಲ್ಲಿ ಮೊದಲು ನಿಲ್ಲುವವರು ವಿಭಾಗದ ಮುಖ್ಯಸ್ಥರು ಎಂಬ ಇಂದಿನ ಪದ್ಧತಿಯನ್ನು ಹಳಿಯುವವರು ಈ ಚರ್ಚೆಯನ್ನು ಗಮನಿಸುವುದು ಒಳ್ಳೆಯದು.

ನಾವು ಪರಂಪರೆಯಿಂದ ಪಡೆದದ್ದನ್ನು ಪಶ್ಚಿಮದವರು ಪ್ರಯೋಗದಿಂದ ಕಂಡುಕೊಂಡರು. ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಲೇಖಕರಿಗೆ ಕೊಡುವ ಮಾದರಿಯಲ್ಲಿ, ಉಲ್ಲೇಖವನ್ನು ಹೇಗೆ ಬರೆಯಬೇಕೆಂದು ತೋರಿಸಲು ಒಂದು ಕಲ್ಪಿತ ಲೇಖನವನ್ನು ಹಾಕಿತ್ತು: ವಾನ್ ಡರ್ ಗೀರ್ ಮತ್ತಿತರರು, 2000, ‘ದಿ ಆರ್ಟ್ ಆಫ್ ರೈಟಿಂಗ್ ಎ ಸೈಂಟಿಫಿಕ್ ಆರ್ಟಿಕಲ್’, ಸಂಪುಟ 163, ಪುಟ 51ರಿಂದ 59. ಇಂಥ ಲೇಖನ ಇಲ್ಲ, ಎಂದೂ ಇರಲಿಲ್ಲ. 2017ರಲ್ಲಿ ಈ ಸಂಗತಿ ಹೊರಬಿದ್ದಾಗ ಅದನ್ನು ಉಲ್ಲೇಖಿಸಿದ ಬರಹಗಳು 400ರ ಹತ್ತಿರ ಮುಟ್ಟಿದ್ದವು. ಬದುಕಿಡೀ ಬರೆದು ನಾಲ್ಕು ಉಲ್ಲೇಖ ಕಾಣದ ಪ್ರಾಧ್ಯಾಪಕರು ಇರುವ ಲೋಕದಲ್ಲಿ ಇದು ಹುಡುಗಾಟದ ಸಾಧನೆಯಲ್ಲ. ಅದಕ್ಕೂ ಮೊದಲು, 2003ರಲ್ಲಿ, ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು ಉಲ್ಲೇಖಗಳಲ್ಲಿನ ಅಚ್ಚಿನ ತಪ್ಪುಗಳ ಬೆನ್ನು ಹತ್ತಿದ್ದರು. ಒಬ್ಬರು ಪುಟಸಂಖ್ಯೆಯನ್ನು ತಪ್ಪಾಗಿ ಬರೆದರೆ ಅದೇ ತಪ್ಪು ಉಳಿದವರ ಪಟ್ಟಿಗಳಲ್ಲೂ ಹಾಗೆಹಾಗೆಯೇ ಕಾಣಿಸಿಕೊಳ್ಳುತ್ತಿತ್ತು. ಇದರಿಂದ ಅವರು ಕಟ್ಟಿದ ಅಂದಾಜು: ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಶೇ. 20ರಷ್ಟು. ಉಳಿದ ಶೇ. 80 ಮಂದಿ ಓದದೆಯೂ ವಿಜ್ಞಾನ ನಡೆದೇ ಇದೆ, ವಿಮಾನ ಹಾರುತ್ತಿದೆ, ಔಷಧಿ ಕೆಲಸ ಮಾಡುತ್ತಿದೆ. ಓದಿದ ಆ ಶೇ. 20 ಮಂದಿಯಿಂದ ಶಾಸ್ತ್ರಕ್ಕೆ ಆದ ಹೆಚ್ಚುವರಿ ಲಾಭವೇನೆಂದು ಅವರೇ ಹೇಳಬೇಕು.

ಆಕರಗಳ ಬಗೆಗಳನ್ನು ನೋಡಿದರೆ ಸಿದ್ಧಾಂತ ಇನ್ನಷ್ಟು ಗಟ್ಟಿಯಾಗುತ್ತದೆ. ಲೇಖಕನ ಹೆಸರು ಮತ್ತು ವರ್ಷವನ್ನು ಕಂಸದಲ್ಲಿಡುವ ಹಾರ್ವರ್ಡ್ ಪದ್ಧತಿಯ ಮೂಲವನ್ನು 1881ರಲ್ಲಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬ ಪ್ರಾಣಿಶಾಸ್ತ್ರಜ್ಞ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಗುರುತಿಸುತ್ತಾರೆ. ಹುಳುವಿಗೆ ಹೊಲಿದ ಈ ಅಂಗಿಯನ್ನು ಕನ್ನಡ ಕವಿಗಳಿಗೆ ತೊಡಿಸುವಾಗ ಹೊಸ ಹೊಸ ಲೇಖಕರು ಹುಟ್ಟಿಕೊಳ್ಳುತ್ತಾರೆ. ಕೊನೆಯ ಹೆಸರು ಮೊದಲು ಬರಬೇಕೆಂಬ ನಿಯಮದಂತೆ ಕುವೆಂಪು ‘ಪುಟ್ಟಪ್ಪ, ಕೆ. ವಿ.’ ಆಗುತ್ತಾರೆ; ಅಂಬಿಕಾತನಯದತ್ತರು ‘ದತ್ತ, ಎ.’ ಆಗಿ ಯಾವುದೋ ಬ್ಯಾಂಕಿನ ವ್ಯವಸ್ಥಾಪಕರಂತೆ ಕೇಳಿಸುತ್ತಾರೆ. ಅಕ್ಕ ‘ಮಹಾದೇವಿ, ಎ.’ ಆಗಿ ಹಾಜರಿ ಪುಸ್ತಕ ಸೇರುತ್ತಾಳೆ. ಪ್ರಕಾಶನದ ಊರನ್ನು ಬರೆಯಬೇಕಾಗಿಲ್ಲವೆಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2019ರ ತನ್ನ 7ನೆಯ ಆವೃತ್ತಿಯಲ್ಲಿ ಅಪ್ಪಣೆ ಕೊಡಿಸಿತು. ಹೆಸರಿನ ಮೊದಲ ಅಕ್ಷರದಲ್ಲೇ ಊರನ್ನು ಹೊತ್ತು ತಿರುಗುವ ತೀರ್ಥಪುರದ ತೀ.ನಂ.ಶ್ರೀ. ಅಂಥವರನ್ನು ಏನು ಮಾಡಬೇಕೆಂದು ಹೇಳಲಿಲ್ಲ. ವಚನಗಳ ತೊಡಕು ಬೇರೆ. ಅಲ್ಲಿ ಅಂಕಿತ ವಚನದೊಳಗೇ ಇದೆ, ಆದರೆ ಅದು ಬರೆದವರ ಹೆಸರಲ್ಲ, ದೇವರದು. ಕೂಡಲಸಂಗಮದೇವನನ್ನು ಲೇಖಕರ ಕಾಲಮ್ಮಿನಲ್ಲಿ ಹಾಕುವುದೋ, ಪ್ರಕಾಶಕರ ಕಾಲಮ್ಮಿನಲ್ಲಿ ಹಾಕುವುದೋ ತಿಳಿಯದೆ ವಿದ್ಯಾರ್ಥಿಗಳು ಇಂಟರ್ನೆಟ್ಟಿನ ಕೊಂಡಿಯೊಂದನ್ನು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಶಾಸನ ಕಲ್ಲಾದ್ದರಿಂದ ಸ್ಥಿರ ಎಂದುಕೊಂಡರೆ ಅದೂ ಹುಸಿ. ರೈಸ್ ಸಾಹೇಬರ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಅದಕ್ಕೊಂದು ಸಂಖ್ಯೆ, ಮೈಸೂರಿನ ಪರಿಷ್ಕೃತ ಆವೃತ್ತಿಯಲ್ಲಿ ಇನ್ನೊಂದು. ಕಲ್ಲು ಹೊಲದ ಬದುವಿನಿಂದ ಕದಲಿಲ್ಲ, ಸಂಖ್ಯೆ ಕದಲಿದೆ. ಹೀಗೆ ಎಲ್ಲ ಕಡೆಯೂ ಉಲ್ಲೇಖಕ್ಕೆ ಆಕರದಿಂದ ಬೇರೆಯಾದ ಒಂದು ಜೀವವಿದೆ. ಎಲ್ಲಕ್ಕಿಂತ ಸೊಗಸಾದದ್ದು ಮೌಖಿಕ ಆಕರ. ಓದುಗರು ಮತ್ತೆ ಹುಡುಕಿಕೊಳ್ಳಲಾಗದ ಖಾಸಗಿ ಮಾತುಕತೆ ಬರಹದೊಳಗೆ ಬರಬಹುದು, ಕೊನೆಯ ಪಟ್ಟಿಗೆ ಬರಕೂಡದು ಎಂಬುದು ಅದೇ ಅಮೆರಿಕನ್ ಶಾಸ್ತ್ರ. ಆದ್ದರಿಂದ ಮಂಟೇಸ್ವಾಮಿ ಕಾವ್ಯವನ್ನು ಇರುಳೆಲ್ಲ ಹಾಡಿದ ನೀಲಗಾರ ಪಟ್ಟಿಯ ಹೊರಗೆ ನಿಲ್ಲುತ್ತಾನೆ, ಬರೆದುಕೊಂಡು ಅಚ್ಚು ಹಾಕಿಸಿದವರು ಒಳಗೆ ಕೂರುತ್ತಾರೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ನೋಟ್ಸು ಮಾತ್ರ, ಎಲ್ಲರಿಗೂ ಸಿಗುವ ಏಕೈಕ ಆಕರವಾಗಿದ್ದೂ, ಯಾವ ಪಟ್ಟಿಯಲ್ಲೂ ಇಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಉಲ್ಲೇಖವಿರುವುದು ಕೃತಿಚೌರ್ಯವನ್ನು ತಡೆಯಲು, ಅದನ್ನೇ ಕದ್ದರೆ ಹೇಗೆ? ಉತ್ತರ ಕಾನೂನಿನಲ್ಲೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಪ್ರಬಂಧಗಳಲ್ಲಿ ಶೇ. 10ರವರೆಗಿನ ಹೋಲಿಕೆಯನ್ನು ಮನ್ನಿಸುತ್ತದೆ. 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60ಕ್ಕೆ ಒಂದು ವರ್ಷ ಕಾಯಬೇಕು, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಹೋಲಿಕೆಯನ್ನು ಅಳೆಯುವಾಗ ಗ್ರಂಥಋಣವನ್ನು ಲೆಕ್ಕದಿಂದ ಬಿಡಬೇಕೆಂದು ಅದೇ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಪರಿವಿಡಿ, ಮುನ್ನುಡಿ, ಕೃತಜ್ಞತೆಗಳೂ ಅದರ ಜೊತೆಗಿವೆ. ಪ್ರಬಂಧದಲ್ಲಿ ನೂರಕ್ಕೆ ನೂರು ನಕಲು ಮಾಡಿಯೂ ನಿರಪರಾಧಿಯಾಗಿ ಉಳಿಯಬಹುದಾದ ಸ್ಥಳ ಅದು ಎಂದಾಯಿತು. ಪ್ರಭುತ್ವವೇ ಬೇಲಿ ಹಾಕಿ ಕಾದಿಟ್ಟ ಜಾಗದಲ್ಲಿ ವಿದ್ಯಾರ್ಥಿ ಮೇಯುವುದನ್ನು ಕಳವು ಎನ್ನಬರುವುದಿಲ್ಲ.

ಕಾನೂನು ಬೇರೆ, ಧರ್ಮ ಬೇರೆ ಎಂದು ಅವರು ಮತ್ತೆ ಹೂಡಬಹುದು. ಧರ್ಮದ ವಿಚಾರದಲ್ಲಿ ನಮ್ಮ ಶಾಸನಗಳು ಆಯೋಗಕ್ಕಿಂತ ಬಹಳ ಕಟ್ಟುನಿಟ್ಟು. ದಾನಶಾಸನಗಳ ಕೊನೆಯ ಶಾಪಾಶಯದ ಪ್ರಕಾರ, ಕೊಟ್ಟ ಭೂಮಿಯನ್ನು ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಆಯೋಗದ ನಿಯಮಕ್ಕೆ ಬರುವಷ್ಟರಲ್ಲಿ 60 ಉಳಿದಿದೆ, ಸಾವಿರ ಬಿದ್ದುಹೋಗಿದೆ. ಕೊಟ್ಟವನು ಬೇರೆಯವನಾಗಿರಲಿ ಕಸಿದವನೇ ಆಗಿರಲಿ ಶಿಕ್ಷೆ ಒಂದೇ ಎಂದು ಆ ಶ್ಲೋಕ ಸೇರಿಸುತ್ತದೆ; ತನ್ನ ಹಳೆಯ ಲೇಖನವನ್ನೇ ಹೊಸದೆಂದು ಮತ್ತೆ ಕೊಡುವ ಸ್ವಕೃತಿಚೌರ್ಯವನ್ನು ಅವರು ಆಗಲೇ ಕಂಡಿದ್ದರೆಂದು ಊಹಿಸಬೇಕು. ಆದರೆ ಸೂಕ್ಷ್ಮವಾಗಿ ನೋಡಿದರೆ ಈ ಶಾಪ ನಮ್ಮ ವಿದ್ಯಾರ್ಥಿಗೆ ತಟ್ಟುವುದಿಲ್ಲ. ಅದು ಇರುವುದು ತೆಗೆದುಕೊಂಡವನಿಗೆ. ಗ್ರಂಥವೊಂದನ್ನು ಓದದೆ ಉಲ್ಲೇಖಿಸಿದವನು ಅದರಿಂದ ಏನನ್ನೂ ತೆಗೆದುಕೊಂಡಿಲ್ಲ. ಅದಕ್ಕೆ ಒಂದು ಉಲ್ಲೇಖವನ್ನು ದಾನ ಕೊಟ್ಟಿದ್ದಾನೆ. ಓದಿ, ವಿಚಾರಗಳನ್ನು ತನ್ನದಾಗಿಸಿಕೊಂಡು, ಕೊನೆಯಲ್ಲಿ ಒಂದೇ ಸಾಲಿನಲ್ಲಿ ಋಣ ತೀರಿಸಿದೆನೆನ್ನುವವನ ಸ್ಥಿತಿಯೇ ಪರಲೋಕದಲ್ಲಿ ಹೆಚ್ಚು ಅಪಾಯಕರ.

ಉಳಿದದ್ದು ಯಂತ್ರಗಳ ವಿಷಯ. ಚಾಟ್‌ಜಿಪಿಟಿಯಂಥವು ಇಲ್ಲದ ಲೇಖಕರ ಇಲ್ಲದ ಪುಸ್ತಕಗಳಿಗೆ ಇಲ್ಲದ ಪುಟಸಂಖ್ಯೆ ಕೊಡುತ್ತವೆ ಎಂದು ಈಗ ಎಲ್ಲ ಕಡೆ ಗುಲ್ಲು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಇಂಥ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿದ್ದನ್ನು ತೋರಿಸಿ ಹೆದರಿಸುವವರೂ ಇದ್ದಾರೆ. ಈ ದೃಷ್ಟಾಂತ ಇಲ್ಲಿಗೆ ಹೊಂದುವುದಿಲ್ಲ. ಆ ವಕೀಲರು ಸಿಕ್ಕಿಬಿದ್ದದ್ದು ಎದುರು ಪಕ್ಷದವರು ಆ ತೀರ್ಪುಗಳನ್ನು ಹುಡುಕಹೊರಟದ್ದರಿಂದ. ಆಂತರಿಕ ಮೌಲ್ಯಮಾಪನದಲ್ಲಿ ಎದುರು ಪಕ್ಷ ಎಂಬುದೇ ಇಲ್ಲ. ಅರವತ್ತು ಅಸೈನ್‌ಮೆಂಟಿನ ಕಟ್ಟನ್ನು ಒಂದೇ ಸಂಜೆ ಮುಗಿಸಬೇಕಾದವರು ಗ್ರಂಥಾಲಯಕ್ಕೆ ಎದ್ದು ಹೋಗುವ ಭಯವೂ ಇಲ್ಲ. ವಾನ್ ಡರ್ ಗೀರ್‌ರ ಅಭಿಮಾನಿಗಳು ಕೈಯಾರೆ ಮಾಡಿದ್ದನ್ನು ಯಂತ್ರ ಬೇಗ ಮಾಡುತ್ತಿದೆ, ಅಷ್ಟೆ. ಹಾಗಾಗಿ ವಿಶ್ವವಿದ್ಯಾಲಯಗಳಲ್ಲಿ ವಿನಂತಿ: ಬರುವ ಸೆಮಿಸ್ಟರಿನಿಂದ ಪೀಠಿಕೆಯ ಹದಿನೈದು ಪುಟಗಳನ್ನು ಕೈಬಿಟ್ಟು ಗ್ರಂಥಋಣವನ್ನಷ್ಟೇ ಪಡೆಯುವಂತಾಗಲಿ. ಈ ಲೇಖನವನ್ನು ತಮ್ಮ ಪಟ್ಟಿಗೆ ಸೇರಿಸಬಯಸುವವರು ಧಾರಾಳವಾಗಿ ಸೇರಿಸಿಕೊಳ್ಳಬಹುದು. ಓದಿ ಸೇರಿಸುವವರು ಮಾತ್ರ, ಉಳಿದವರಿಗೆ ಅನ್ಯಾಯವಾಗದಂತೆ, ತಾವು ಓದಿರುವುದಾಗಿ ಅಡಿಟಿಪ್ಪಣಿಯಲ್ಲಿ ತಪ್ಪೊಪ್ಪಿಕೊಳ್ಳತಕ್ಕದ್ದು.